ಸ್ಪೋರ್ಟ್ಸ್ ಕಾರಿಗೆ ಹೊಸ ಟೈರ್: ಬೆಳಗಾವಿಯ ಮಳೆ, ಘಾಟ್, ತಗ್ಗು ನೋಡಿ ಆರಿಸುವುದು ಹೇಗೆ?

ಟೈರ್ ಬಗ್ಗೆ ಸಲಹೆ ಕೇಳಿದರೆ ಹೆಚ್ಚಿನವರು ಮೊದಲು ಕಂಪನಿ ಹೆಸರು ಹೇಳುತ್ತಾರೆ. ಮಿಶೆಲಿನ್ ಹಾಕಿಸಿ, ಪಿರೆಲ್ಲಿ ಹಾಕಿಸಿ, ಕಣ್ಣು ಮುಚ್ಚಿ ತಗೊಳ್ಳಿ ಅಂತ. ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ನಾನು ಕಂಪನಿ ಹೆಸರನ್ನು ಕೊನೆಗೆ ಇಡುತ್ತೇನೆ. ಈ ಕಾರು ಯಾವ ರಸ್ತೆಯಲ್ಲಿ, ಯಾವ ತಿಂಗಳಲ್ಲಿ ಓಡುತ್ತದೆ ಅನ್ನುವುದು ಮೊದಲ ಪ್ರಶ್ನೆ. ಬೆಳಗಾವಿಯಲ್ಲಿ ಇಟ್ಟುಕೊಂಡ ಕಾರಿಗೆ ಒದ್ದೆ ರಸ್ತೆಯ ಹಿಡಿತ ಮೊದಲು ಬೇಕು. ತಗ್ಗಿನ ಪೆಟ್ಟು ತಡೆಯುವ ಪಕ್ಕದ ಗೋಡೆ, ಅಂದರೆ ರಿಮ್ಮಿಗೂ ನೆಲಕ್ಕೂ ನಡುವಿನ ಟೈರ್ ರಬ್ಬರ್, ಆಮೇಲೆ. ಒಣ ರಸ್ತೆಯ ಹಿಡಿತ ಮೂರನೆಯದು. ಜಾಹೀರಾತುಗಳಲ್ಲಿ ಈ ಸಾಲು ಪೂರ್ತಿ ಉಲ್ಟಾ ಇರುತ್ತದೆ.

ಕಾರಣ ಸರಳ. ಇಲ್ಲಿ ಸ್ಪೋರ್ಟ್ಸ್ ಕಾರು ಇಟ್ಟವರು ಭಾನುವಾರ ಬೆಳಗ್ಗೆ ಎಲ್ಲಿಗೆ ಹೋಗುತ್ತಾರೆ ನೋಡಿ. ಗೋವಾಕ್ಕಾದರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್. ಇಲ್ಲವೇ ಖಾನಾಪುರ, ರಾಮನಗರ ಹಿಡಿದು ಅನಮೋಡ. ಸಾವಂತವಾಡಿ ಕಡೆಯಾದರೆ ಅಂಬೋಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮೂರೂ ದಾರಿ ಒದ್ದೆ. ಗುಡ್ಡದಿಂದ ಕೆಂಪು ಮಣ್ಣು ಹರಿದು ತಿರುವಿನಲ್ಲೇ ಬಂದು ಕೂರುತ್ತದೆ. ಮಂಜು ಬಿದ್ದರೆ ಎದುರಿನ ಲಾರಿ ಕಾಣುವುದು ಹತ್ತಿರ ಬಂದ ಮೇಲೆ. ಅಲ್ಲಿ ಬ್ರೇಕ್ ಒತ್ತಿದಾಗ ಕಾರು ನಿಲ್ಲಬೇಕು, ಅಷ್ಟೇ. ರೇಸ್ ಟ್ರ್ಯಾಕಿನ ಲ್ಯಾಪ್ ಟೈಮ್ ಯಾರಿಗೆ ಬೇಕು?

ಹೆದ್ದಾರಿ 48ರ ಕಥೆ ಬೇರೆ. ವಂಟಮುರಿ ಘಾಟ್ ದಾಟಿ ಸಂಕೇಶ್ವರ, ನಿಪ್ಪಾಣಿ ಕಡೆಗೋ, ಕಿತ್ತೂರು ದಾಟಿ ಧಾರವಾಡ ಕಡೆಗೋ ಹೋಗುವಾಗ ವೇಗ ತಾನಾಗಿ ಏರುತ್ತದೆ. ಮಳೆಯಲ್ಲಿ ನೀರು ನಿಂತ ಜಾಗಕ್ಕೆ ಅದೇ ವೇಗದಲ್ಲಿ ನುಗ್ಗಿದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾಗುತ್ತದೆ. ಇದಕ್ಕೇ ಆಕ್ವಾಪ್ಲೇನಿಂಗ್ ಅನ್ನುವುದು. ಅಗಲ ಟೈರ್ ಇದ್ದಷ್ಟೂ ಇದು ಬೇಗ ಶುರುವಾಗುತ್ತದೆ, ಯಾಕೆಂದರೆ ಅಷ್ಟು ಅಗಲದ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಂದರೆ ಸ್ಪೋರ್ಟ್ಸ್ ಕಾರಿಗೆ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗಿಂತ ಅಪಾಯ ಜಾಸ್ತಿ, ಕಮ್ಮಿ ಅಲ್ಲ.

ವಿಜಯಪುರ, ಬಾಗಲಕೋಟೆಯವರಿಗೆ ಲೆಕ್ಕ ಸ್ವಲ್ಪ ಬದಲು. ಅಲ್ಲಿ ಮಳೆ ಕಮ್ಮಿ, ಬಿಸಿಲು ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಸೊಲ್ಲಾಪುರ ಹೆದ್ದಾರಿಯಲ್ಲಿ ಹೋಗುವ ಟೈರ್‌ಗೆ ಶಾಖವೇ ಶತ್ರು. ಲೋಕಾಪುರ, ಮುಧೋಳ ಸುತ್ತ ಕಲ್ಲಿನ ಗಣಿ ಲಾರಿಗಳು ಚೂಪು ಜಲ್ಲಿ ಉದುರಿಸುತ್ತವೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಂದ ಏನೇನು ಬೀಳುತ್ತದೋ ಹೇಳುವ ಹಾಗಿಲ್ಲ. ಎರಿ ಭೂಮಿಯ ಮಣ್ಣು ಹೊಲದಿಂದ ಚಕ್ರಕ್ಕೆ ಅಂಟಿ ಡಾಂಬರಿಗೆ ಬಂತು, ಮೇಲೆ ನಾಲ್ಕು ಹನಿ ಬಿತ್ತು ಅಂದರೆ ಮುಗಿಯಿತು, ಎಂಥ ಟೈರ್ ಇದ್ದರೂ ಕೈ ಬಿಡುತ್ತದೆ.

ಮೊದಲು ಗೋಡೆ ಅಳೆಯಿರಿ

ಟೈರ್ ಪಕ್ಕದಲ್ಲಿ 225/40 ಆರ್18 92ವೈ ಅಂತ ಬರೆದಿರುತ್ತದೆ. 225 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 40 ಅಂದರೆ ಆ ಅಗಲದ ಶೇ. 40ರಷ್ಟು ಎತ್ತರದ ಪಕ್ಕದ ಗೋಡೆ. 18 ಇಂಚು ರಿಮ್. 92 ಅನ್ನುವುದು ಭಾರದ ಸೂಚ್ಯಂಕ, ಒಂದು ಟೈರ್ 630 ಕೆ.ಜಿ. ಹೊರುತ್ತದೆ ಎಂದರ್ಥ. ಕೊನೆಯ ಅಕ್ಷರ ವೇಗದ ಮಿತಿ: ವಿ ಅಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯೂ 270, ವೈ 300.

ನಮ್ಮಲ್ಲಿ 2018ರ ಕೇಂದ್ರದ ಅಧಿಸೂಚನೆ ಪ್ರಕಾರ ಎಕ್ಸ್‌ಪ್ರೆಸ್‌ವೇಯಲ್ಲೇ ಕಾರಿಗೆ ಗರಿಷ್ಠ 120, ನಾಲ್ಕು ಪಥದ ರಸ್ತೆಯಲ್ಲಿ 100. ಹಾಗಾದರೆ 300ರ ಟೈರ್ ಯಾಕೆ ಅಂತ ಅಂಗಡಿಯವರೇ ಕೇಳುತ್ತಾರೆ, ವಿಗಿಂತಲೂ ಕೆಳಗಿನ ಎಚ್ ರೇಟಿಂಗ್ ಇರುವುದನ್ನು ಅಗ್ಗಕ್ಕೆ ಮುಂದಿಡುತ್ತಾರೆ. ಬೇಡ. ಆ ಅಕ್ಷರ ಬರೀ ವೇಗದ್ದಲ್ಲ. ಹೆಚ್ಚಿನ ರೇಟಿಂಗ್‌ನ ಟೈರ್ ಶಾಖ ತಡೆಯುತ್ತದೆ, ತಿರುವಿನಲ್ಲಿ ಕಮ್ಮಿ ಬಾಗುತ್ತದೆ. ಕಾರಿನ ಕಂಪನಿ ಹೇಳಿದ ಭಾರ, ವೇಗ ಎರಡರಲ್ಲೂ ಕೆಳಗಿಳಿಯಬಾರದು. ಮೇಲೆ ಹೋದರೆ ತೊಂದರೆ ಇಲ್ಲ.

ನನಗೆ ಇಲ್ಲಿ ಮುಖ್ಯ ಅನಿಸುವುದು ಗೋಡೆಯ ಎತ್ತರ. ಕ್ಯಾಲ್ಕ್ಯುಲೇಟರ್ ತೆಗೆಯಿರಿ. 225ರ ಶೇ. 40 ಅಂದರೆ 90 ಮಿ.ಮೀ. ಬಿಎಂಡಬ್ಲ್ಯೂ ಝಡ್4 ಎಂ40ಐ ಮುಂದಿನ ಟೈರ್ 255/35 ಆರ್19, ಅಂದರೆ 89 ಮಿ.ಮೀ. ಪೋರ್ಷೆ 718 ಕೇಮನ್ 18 ಇಂಚಿನ ರಿಮ್‌ನಲ್ಲಿ ಬಂದರೆ ಮುಂದೆ 235/45, ಸುಮಾರು 106 ಮಿ.ಮೀ. ಅದೇ ಕೇಮನ್‌ಗೆ 20 ಇಂಚಿನ ರಿಮ್ ಹಾಕಿಸಿಕೊಂಡವರ ಬಳಿ 235/35, ಅಂದರೆ 82 ಮಿ.ಮೀ. ಕಾರು ಒಂದೇ, ಆದರೆ ತಗ್ಗಿಗೂ ರಿಮ್ಮಿಗೂ ನಡುವಿನ ರಬ್ಬರಿನಲ್ಲಿ ಹತ್ತಿರ ಹತ್ತಿರ ಒಂದು ಇಂಚು ವ್ಯತ್ಯಾಸ. ಜಾಂಬೋಟಿ ರಸ್ತೆಯಲ್ಲಿ ಆ ಒಂದು ಇಂಚಿನ ಬೆಲೆ ಒಂದು ಅಲಾಯ್ ರಿಮ್.

ರಿಮ್ ಒಂದು ಇಂಚು ಚಿಕ್ಕದು ಮಾಡಿ ಗೋಡೆ ಎತ್ತರ ಮಾಡಿಕೊಳ್ಳುವ ದಾರಿ ಇದೆ. 225/40 ಆರ್18 ಟೈರ್‌ನ ಒಟ್ಟು ವ್ಯಾಸ 637 ಮಿ.ಮೀ. 225/45 ಆರ್17ರದ್ದು 634. ಮೂರು ಮಿಲಿಮೀಟರ್ ವ್ಯತ್ಯಾಸ ಅಂದರೆ ಅರ್ಧ ಪರ್ಸೆಂಟ್‌ಗೂ ಕಮ್ಮಿ, ಸ್ಪೀಡೋಮೀಟರ್‌ಗೆ ಗೊತ್ತೂ ಆಗುವುದಿಲ್ಲ. ಗೋಡೆ ಮಾತ್ರ 90ರಿಂದ 101ಕ್ಕೆ ಏರುತ್ತದೆ. 17 ಇಂಚಿನ ಟೈರ್ ಅಗ್ಗ, ಸ್ಟಾಕ್ ಸಿಗುವುದೂ ಸುಲಭ. ಒಂದೇ ಷರತ್ತು: ಬ್ರೇಕ್ ಕ್ಯಾಲಿಪರ್‌ಗೆ (ಚಕ್ರದೊಳಗೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಆ ರಿಮ್ ತಾಗಬಾರದು. ಖರೀದಿಗೆ ಮುಂಚೆ ಒಂದು ರಿಮ್ ಹಾಕಿ, ಕೈಯಿಂದ ಪೂರ್ತಿ ತಿರುಗಿಸಿ ನೋಡಿಯೇ ಮುಂದುವರಿಯಿರಿ. ನೋಟಕ್ಕೆ ಕಾರು ಸ್ವಲ್ಪ ಸಪ್ಪೆ ಆಗುತ್ತದೆ, ಅದು ನಿಜ. ನನಗೆ ಕೇಳಿದರೆ ಆ ಸಪ್ಪೆ ಪರವಾಗಿಲ್ಲ.

ಇರುವ ಆಯ್ಕೆಗಳು

ಮೊದಲನೆಯದು, ಕಾರಿನ ಜೊತೆ ಬಂದದ್ದೇ ಮತ್ತೆ ಹಾಕಿಸುವುದು. ಬಿಎಂಡಬ್ಲ್ಯೂಗೆ ಅಂತ ಮಾಡಿದ ಟೈರ್ ಮೇಲೆ ನಕ್ಷತ್ರದ ಗುರುತು ಇರುತ್ತದೆ, ಪೋರ್ಷೆಗೆ ಎನ್0, ಎನ್1, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಪೋರ್ಷೆ ಇಟ್ಟವರಿಗೆ ನಾನು ಎನ್ ಗುರುತಿನ ಟೈರ್‌ನಲ್ಲೇ ಇರಿ ಅನ್ನುತ್ತೇನೆ. ಹಿಂದೆ ಮುಂದೆ ಬೇರೆ ಬೇರೆ ಅಗಲ ಇರುವ ಆ ಕಾರಿನ ಸಮತೋಲ ಆ ಟೈರ್ ಮೇಲೇ ನಿಂತಿದೆ. ಮಿಕ್ಕವರಿಗೆ ಗುರುತು ಕಡ್ಡಾಯ ಅಲ್ಲ. ಆದರೆ ಗುರುತು ಇರುವುದು, ಇಲ್ಲದ್ದು ಸೇರಿಸಿ ಹಾಕಬೇಡಿ.

ಎರಡನೆಯದು, ಅಪ್ಪಟ ಸ್ಪೋರ್ಟ್ಸ್ ಟೈರ್. ಮಿಶೆಲಿನ್ ಪೈಲಟ್ ಸ್ಪೋರ್ಟ್ 5, ಪಿರೆಲ್ಲಿ ಪಿ ಝೀರೋ, ಬ್ರಿಜ್‌ಸ್ಟೋನ್ ಪೊಟೆಂಝಾ ಸ್ಪೋರ್ಟ್, ಯೊಕೊಹಾಮಾ ಅಡ್ವಾನ್ ಸ್ಪೋರ್ಟ್ ವಿ107 ಎಲ್ಲ ಈ ಸಾಲಿನವು. ಅಪೊಲೊ ಕಂಪನಿ 2009ರಲ್ಲಿ ಕೊಂಡ ಡಚ್ ಕಂಪನಿ ವ್ರೆಡೆಸ್ಟೈನ್‌ನ ಅಲ್ಟ್ರಾಕ್ ವೋರ್ಟಿಯನ್ನೂ ಇಲ್ಲೇ ಸೇರಿಸಬಹುದು. ಮೆತ್ತನೆ ರಬ್ಬರ್, ಗಟ್ಟಿ ಭುಜ (ನೆಲಕ್ಕೆ ತಾಗುವ ಭಾಗದ ಅಂಚು), ನಡುವೆ ನೀರು ಹರಿಯಲು ಅಗಲ ಕಾಲುವೆ. ಸ್ಪೋರ್ಟ್ಸ್ ಟೈರ್ ಮಳೆಗೆ ಆಗಲ್ಲ ಅನ್ನುವ ಮಾತು ಊರೆಲ್ಲ ಓಡಾಡುತ್ತದೆ. ಹೊಸದಿರುವಾಗ ಅದು ಸುಳ್ಳು. ಇವುಗಳ ರಬ್ಬರ್‌ನಲ್ಲಿ ಸಿಲಿಕಾ ಬೆರೆಸಿರುತ್ತಾರೆ, ಒದ್ದೆ ಡಾಂಬರಿನ ಮೇಲೆ ಹಿಡಿತ ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದು ಸವೆತದಲ್ಲಿ. ಬೇಗ ಸವೆಯುತ್ತವೆ, ಕಾಲುವೆ 3 ಮಿ.ಮೀ.ಗೆ ಇಳಿದಾಗ ನೀರು ಹೊರಹಾಕುವ ಶಕ್ತಿ ತುಂಬಾ ಕುಗ್ಗುತ್ತದೆ. ಕಾನೂನು 1.6 ಮಿ.ಮೀ.ವರೆಗೆ ಒಪ್ಪುತ್ತದೆ. ಚೋರ್ಲಾದ ಮಳೆ ಒಪ್ಪುವುದಿಲ್ಲ.

ಮೂರನೆಯದು, ಟೂರಿಂಗ್ ಟೈರ್. ಮಿಶೆಲಿನ್ ಪ್ರೈಮಸಿ 4ಎಸ್‌ಟಿ, ಬ್ರಿಜ್‌ಸ್ಟೋನ್ ಟುರಾಂಝಾ 6ಐ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಥರದವು. ಸದ್ದು ಕಮ್ಮಿ, ಬಾಳಿಕೆ ಜಾಸ್ತಿ, ತಗ್ಗಿಗೆ ಸ್ವಲ್ಪ ಮೆತ್ತಗೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುವ ಆ ಚುರುಕು ಮಾತ್ರ ಮೊಂಡಾಗುತ್ತದೆ. ಸ್ಪೋರ್ಟ್ಸ್ ಕಾರಿಗೆ ಟೂರಿಂಗ್ ಟೈರ್ ಹಾಕುವುದು ಅವಮಾನ ಅಂತ ಕೆಲವರು ಮುಖ ಗಂಟು ಹಾಕುತ್ತಾರೆ. ಟೊಯೋಟಾ 2012ರಲ್ಲಿ ಜಿಟಿ86 ಅನ್ನುವ ಸ್ಪೋರ್ಟ್ಸ್ ಕಾರನ್ನು ತಂದಾಗ ಫ್ಯಾಕ್ಟರಿಯಿಂದಲೇ ಪ್ರೈಮಸಿ ಎಚ್‌ಪಿ ಹಾಕಿ ಕೊಟ್ಟಿತ್ತು. 215 ಅಗಲದ ಟೂರಿಂಗ್ ಟೈರ್. ಹಿಡಿತ ಮಿತವಾಗಿದ್ದರೆ ಕಮ್ಮಿ ವೇಗದಲ್ಲೇ ಕಾರಿನ ಆಟ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಜಗತ್ತಿನ ಪತ್ರಕರ್ತರೆಲ್ಲ ಆ ಕಾರನ್ನು ಹೊಗಳಿದರು.

ನಾಲ್ಕನೆಯದು ಸೆಮಿ ಸ್ಲಿಕ್. ಅದು ರೇಸ್ ಟ್ರ್ಯಾಕಿಗೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿಗೋ ಹೋಗುವವರು ಇನ್ನೊಂದು ಸೆಟ್ ರಿಮ್ ಜೊತೆ ಇಟ್ಟುಕೊಳ್ಳಲಿ. ಬಿಸಿಯಾಗದೆ ಹಿಡಿಯುವುದಿಲ್ಲ, ಕಾಲುವೆ ಹೆಸರಿಗಷ್ಟೇ ಇರುತ್ತದೆ. ಇದನ್ನು ಹಾಕಿಕೊಂಡು ಜುಲೈನಲ್ಲಿ ಅಂಬೋಲಿ ಹತ್ತುವುದೆಂದರೆ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಕೆಸರುಗದ್ದೆಯಲ್ಲಿ ಓಡಿದ ಹಾಗೆ.

ಸೆಕೆಂಡ್ ಹ್ಯಾಂಡ್ ಇಂಪೋರ್ಟೆಡ್ ಟೈರ್ ಅಂತ ಹೊಳಪು ಹಚ್ಚಿ ಮಾರುವುದೂ ಇದೆ. ಒಳಗೆ ತಂತಿ ಎಲ್ಲಿ ಮುರಿದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಮುಂದೆ ನಡೆಯಿರಿ.

ರನ್‌ಫ್ಲಾಟ್ ಇರಲೋ ಬೇಡವೋ

ಈ ಜಗಳ ಇಲ್ಲಿನ ಬಿಎಂಡಬ್ಲ್ಯೂ ಮಾಲೀಕರ ನಡುವೆ ಯಾವಾಗಲೂ ಇದ್ದದ್ದೇ. ರನ್‌ಫ್ಲಾಟ್ ಟೈರ್‌ನ ಗೋಡೆ ಎಷ್ಟು ದಪ್ಪ ಅಂದರೆ ಗಾಳಿ ಪೂರ್ತಿ ಹೋದರೂ ಕಾರಿನ ಭಾರ ಹೊರುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದಂತೆ 80 ಕಿ.ಮೀ. ದೂರ ಹೋಗಬಹುದು. ಈ 80 ನಮ್ಮ ನಕ್ಷೆಗೆ ಚೆನ್ನಾಗಿ ಹೊಂದುತ್ತದೆ. ಅಂಬೋಲಿಯಲ್ಲೋ ಕಣಕುಂಬಿಯಲ್ಲೋ ಪಂಚರ್ ಆದರೆ ಬೆಳಗಾವಿ ಮುಟ್ಟುವುದು ಆ ಲೆಕ್ಕದೊಳಗೇ ಬರುತ್ತದೆ. ರಾತ್ರಿ, ಮಳೆ, ಜೊತೆಗೆ ಮನೆಯವರು, ಘಾಟಿನಲ್ಲಿ ಫೋನ್ ಸಿಗ್ನಲ್ ಬಂದರೆ ಬಂತು. ಇಂಥ ಹೊತ್ತಲ್ಲಿ ಇಳಿಯದೆ ಮನೆ ಸೇರುವ ಸುಖವನ್ನು ಹಗುರಾಗಿ ತಳ್ಳಿಹಾಕಲಾಗದು. ಕೆಳಮಟ್ಟದ ಕಾರನ್ನು ಎತ್ತಲು ಫ್ಲಾಟ್‌ಬೆಡ್ಡೇ ಬೇಕು, ಅದು ಬರುವಷ್ಟರಲ್ಲಿ ಬೆಳಗಾಗಿರುತ್ತದೆ.

ಇನ್ನು ಅದರ ಕೆಟ್ಟದ್ದು. ದಪ್ಪ ಗೋಡೆ ಬಾಗುವುದಿಲ್ಲ. ತಗ್ಗಿಗೆ ಬಿದ್ದ ಪೆಟ್ಟು ನೇರ ರಿಮ್ಮಿಗೆ, ಅಲ್ಲಿಂದ ನಿಮ್ಮ ಸೊಂಟಕ್ಕೆ. ತೂಕ ಜಾಸ್ತಿ, ಬೆಲೆ ಜಾಸ್ತಿ. ಗಾಳಿ ಇಲ್ಲದೆ ಓಡಿಸಿದ ಮೇಲೆ ಅದನ್ನು ರಿಪೇರಿ ಮಾಡಬೇಡಿ ಎಂದೇ ಹೆಚ್ಚಿನ ಕಂಪನಿಗಳು ಹೇಳುತ್ತವೆ, ಅಂದರೆ ಒಂದು ಮೊಳೆಗೆ ಒಂದು ಟೈರ್ ಹೋಯಿತು.

ಮಾಮೂಲಿ ಟೈರ್‌ಗೆ ಬದಲಾದರೆ ಕಾರು ಮೆತ್ತಗಾಗುತ್ತದೆ, ಮೊದಲ ಹಂಪ್‌ನಲ್ಲೇ ಗೊತ್ತಾಗುತ್ತದೆ. ಆದರೆ ಇಂಥ ಕಾರುಗಳಲ್ಲಿ ಸ್ಟೆಪ್ನಿ ಇಡಲು ಜಾಗವೇ ಇರುವುದಿಲ್ಲ. ಹಾಗಾಗಿ ಡಿಕ್ಕಿಯಲ್ಲಿ 12 ವೋಲ್ಟ್ ಕಂಪ್ರೆಸರ್, ಪಂಚರ್ ಕಿಟ್, ಒಂದು ಟಾರ್ಚ್ ಇರಲೇಬೇಕು. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಅಂತ 2020ರಲ್ಲೇ ನಿಯಮ ಬಂದಿದೆ. ಕಿಟ್ ಮೊಳೆಗೆ ಆಗುತ್ತದೆ. ಗೋಡೆ ಹರಿದರೆ ಅದರಿಂದ ಏನೂ ಆಗುವುದಿಲ್ಲ.

ನನ್ನ ತೀರ್ಮಾನ ಹೀಗಿದೆ. ಕಾರು ಹೆಚ್ಚಾಗಿ ಟಿಳಕವಾಡಿ, ಕ್ಯಾಂಪ್, ಹೆದ್ದಾರಿ ಅಷ್ಟರಲ್ಲೇ ಓಡುತ್ತದೆ ಅಂದರೆ ಮಾಮೂಲಿ ಟೈರ್‌ಗೆ ಬದಲಾಗಿ. ತಿಂಗಳಿಗೆ ಎರಡು ಸಲ ಕತ್ತಲಲ್ಲಿ ಗೋವಾ ಘಾಟ್ ಹತ್ತುವವರಾದರೆ ಸೊಂಟ ನೋವು ಸಹಿಸಿಕೊಂಡು ರನ್‌ಫ್ಲಾಟ್ ಉಳಿಸಿಕೊಳ್ಳಿ. ಎರಡು ರನ್‌ಫ್ಲಾಟ್, ಎರಡು ಮಾಮೂಲಿ ಅನ್ನುವ ಜುಗಾಡ್ ಬೇಡವೇ ಬೇಡ.

ಅಂಗಡಿಯಲ್ಲಿ

ಹೋಗುವ ಮುಂಚೆ ಹಳೆ ಟೈರ್ ಒಮ್ಮೆ ಸರಿಯಾಗಿ ನೋಡಿ. ನಿಂತು ನೋಡಿದರೆ ಸಾಲದು, ಮಂಡಿಯೂರಿ ಒಳಗಿನ ಅಂಚಿಗೆ ಕೈ ಹಾಕಿ. ಸ್ಪೋರ್ಟ್ಸ್ ಕಾರುಗಳ ಚಕ್ರ ಮೇಲ್ಭಾಗದಲ್ಲಿ ಸ್ವಲ್ಪ ಒಳಕ್ಕೆ ವಾಲಿರುತ್ತದೆ, ಆದ್ದರಿಂದ ಒಳಗಿನ ಅಂಚು ಮೊದಲು ಸವೆಯುತ್ತದೆ. ಮುಂದಿನದನ್ನು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಬಹುದು. ಹಿಂದಿನದಕ್ಕೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಬೇಕು. ಹೊರಗಡೆ ಕಾಲುವೆ ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಬೆರಳಾಡಿಸಿದರೆ ಬೋಳು, ಇನ್ನೂ ಒಳಕ್ಕೆ ಹೋದರೆ ತಂತಿಯ ತುದಿ ಚುಚ್ಚುತ್ತದೆ. ಹಾಗಿದ್ದರೆ ಹೊಸ ಟೈರ್ ಹಾಕಿಸುವ ದಿನವೇ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸದಕ್ಕೂ ಅದೇ ಗತಿ.

ಬೆಳಗಾವಿಯಲ್ಲಿ 18, 19 ಇಂಚಿನ ಸ್ಪೋರ್ಟ್ಸ್ ಟೈರ್ ಹೋದ ಕೂಡಲೇ ಸಿಗುವುದು ಅಪರೂಪ. ಹುಬ್ಬಳ್ಳಿ, ಪುಣೆ, ಬೆಂಗಳೂರಿನಿಂದ ತರಿಸುತ್ತಾರೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿದ ಮೇಲೆ ದೊಡ್ಡ ಅಳತೆಗಳಿಗೆ ಕಾಯುವುದು ಹೆಚ್ಚಾಯಿತು. ಹೀಗೆ ಎಲ್ಲೋ ಗೋದಾಮಿನಲ್ಲಿ ಕೂತಿದ್ದ ಮಾಲು ನಿಮ್ಮ ಕೈಗೆ ಬರುವ ಸಾಧ್ಯತೆಯೂ ಇದೆ. ಅಂಗಡಿಯವನು "ಒಂದ್ನಂಬರ್ ಮಾಲ್ ಐತ್ರಿ ಸರ್, ನಿನ್ನೆನ ಬಂದೈತಿ" ಅನ್ನುತ್ತಾನೆ. "ಬಂದಿದ್ದು ನಿನ್ನೆ ಖರೆ, ಹುಟ್ಟಿದ್ದು ಯಾವಾಗ್ರಿ?" ಅಂತ ಕೇಳಿ, ಗೋಡೆ ಮೇಲಿನ ನಾಲ್ಕು ಅಂಕಿ ತೋರಿಸಿ ಅನ್ನಿ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ಇರುತ್ತದೆ. 1425 ಅಂದರೆ 2025ರ 14ನೇ ವಾರ. ಒಂದು ಪಕ್ಕದಲ್ಲಿ ಕಾಣದಿದ್ದರೆ ಟೈರ್ ತಿರುವಿ ಇನ್ನೊಂದು ಪಕ್ಕ ನೋಡಿ. ವರ್ಷದೊಳಗಿನದಾದರೆ ಚಿಂತೆ ಇಲ್ಲ. ಎರಡು ವರ್ಷ ದಾಟಿದ್ದರೆ ನಾನು ವಾಪಸ್ ಕಳಿಸುತ್ತೇನೆ, ಎಂಥ ದೊಡ್ಡ ಹೆಸರೇ ಇರಲಿ. ನಾಲ್ಕು ಟೈರ್‌ಗೂ ತಾರೀಖು ನೋಡಿ, ಮೂರು ಹೊಸದರ ಜೊತೆ ಒಂದು ಹಳೆಯದು ನುಸುಳಿರುತ್ತದೆ. ಐಎಸ್‌ಐ ಗುರುತು ಇದೆಯಾ ಅಂತಲೂ ನೋಡಿ.

ಟೈರ್ ಗೋಡೆ ಮೇಲೆ ಟ್ರೆಡ್‌ವೇರ್ (ಸವೆತ) ಅಂತ 300, 340 ಹೀಗೆ ಒಂದು ಅಂಕಿ ಇರುತ್ತದೆ. ಹೆಚ್ಚಿದ್ದಷ್ಟು ಬಾಳಿಕೆ ಹೆಚ್ಚು. ಆದರೆ ಅದು ಕಂಪನಿಗಳು ತಾವೇ ಹಾಕಿಕೊಳ್ಳುವ ಅಂಕಿ, ಒಂದು ಕಂಪನಿಯ 300ನ್ನು ಇನ್ನೊಂದರ 300ಕ್ಕೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಪಕ್ಕದಲ್ಲಿರುವ ಟ್ರ್ಯಾಕ್ಷನ್ ದರ್ಜೆ ನೋಡಿ, ಅದು ಒದ್ದೆ ನೆಲದ ಮೇಲೆ ನೇರ ಬ್ರೇಕ್ ಹಾಕಿದಾಗಿನ ಹಿಡಿತ. ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ. ವಿಜಯಪುರದವರು ಶಾಖ ತಡೆಯುವ ಟೆಂಪರೇಚರ್ ದರ್ಜೆಯನ್ನೂ ನೋಡಬೇಕು, ಎಗಿಂತ ಕಮ್ಮಿ ಬೇಡ.

ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆ ಬೆಲೆ ಹೇಳಿದರೆ ಬಿಲ್ ಬರೆಸಿ ನೋಡಿ. ಹಳೆ ಟೈರ್‌ಗೂ ನಾಲ್ಕು ಕಾಸು ಕೇಳಿ, ಸುಮ್ನೆ ಬಿಟ್ಟು ಬರಬೇಡಿ.

ಯಾವ ಕಾರಿಗೆ ಯಾವುದು

ಪೋಲೋ ಜಿಟಿ, ಐ20 ಎನ್ ಲೈನ್ ಥರದ ಚುರುಕು ಹ್ಯಾಚ್‌ಬ್ಯಾಕ್ ಇದ್ದರೆ ಒಳ್ಳೆ ಟೂರಿಂಗ್ ಟೈರ್ ಸಾಕು. ಉಳಿದ ದುಡ್ಡಲ್ಲಿ ಬ್ರೇಕ್ ಪ್ಯಾಡ್ ಬದಲಿಸಿ.

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ಗೆ ನಾನು ಪೈಲಟ್ ಸ್ಪೋರ್ಟ್ ಸಾಲಿನದೇ ಹಾಕಿಸುತ್ತೇನೆ. ಅಷ್ಟೂ ಶಕ್ತಿ ಮುಂದಿನ ಎರಡು ಚಕ್ರಕ್ಕೇ ಹೋಗುತ್ತದೆ, ಒದ್ದೆಯಲ್ಲಿ ಟೂರಿಂಗ್ ಟೈರ್ ಬಿಟ್ಟುಕೊಡುವುದು ಬೇಗ. ಎರಡೇ ಹೊಸ ಟೈರ್ ಹಾಕಿಸುವುದಾದರೆ ಹೊಸದು ಹಿಂದಕ್ಕೆ ಹೋಗಲಿ, ಮುಂದಿನ ಚಕ್ರ ಓಡಿಸುವ ಕಾರಾದರೂ ಸರಿ. ಅಂಗಡಿಯವರು ಉಲ್ಟಾ ಹೇಳುತ್ತಾರೆ. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಬಹುಪಾಲು ಹಿಡಿತಕ್ಕೆ ಬರುತ್ತದೆ. ಘಾಟಿನ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಝಡ್4, ಕೇಮನ್ ಥರ ಹಿಂದೆ ಅಗಲ, ಮುಂದೆ ಕಿರಿದು ಇರುವ ಕಾರಿನಲ್ಲಿ ಟೈರ್ ಅದಲು ಬದಲು ಮಾಡಲು ಬರುವುದಿಲ್ಲ. ಹಿಂದಿನ ಜೋಡಿ ಮೊದಲು ಸವೆಯುತ್ತದೆ, ಬಜೆಟ್ ಹಾಗೇ ಇಟ್ಟುಕೊಳ್ಳಿ. ಕ್ವಾಟ್ರೊ, ಎಕ್ಸ್‌ಡ್ರೈವ್ ಅಂತ ನಾಲ್ಕೂ ಚಕ್ರ ಎಳೆಯುವ ಕಾರಾದರೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ, ಇಲ್ಲದಿದ್ದರೆ ಸುತ್ತಳತೆಯ ವ್ಯತ್ಯಾಸ ಗೇರ್ ವ್ಯವಸ್ಥೆಯ ತಲೆ ಮೇಲೆ ಕೂರುತ್ತದೆ.

ಹಾಕಿಸುವಾಗ ಎದುರಿಗೇ ನಿಲ್ಲಿ. ಔಟ್‌ಸೈಡ್ ಅಂತ ಬರೆದಿರುವ ಪಕ್ಕ ಹೊರಗೆ ಬರಬೇಕು, ಬಾಣದ ಗುರುತು ಇದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಇರಬೇಕು. ನೈಟ್ರೋಜನ್ ಹಾಕಲಾ ಅಂತ ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ಶೇ. 78 ಅದೇ ಇದೆ, ನಿಮ್ಮಿಷ್ಟ. ಗಾಳಿಯ ಪ್ರಮಾಣ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಇರುವಷ್ಟೇ ಇರಲಿ, ಬೆಳಗ್ಗೆ ಟೈರ್ ತಣ್ಣಗಿದ್ದಾಗ ಅಳೆಸಿ. ಬಿಸಿಲಲ್ಲಿ ಓಡಿ ಬಂದ ಮೇಲೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ಬಿಡಿಸಬೇಡಿ, ರಾತ್ರಿ ತಣ್ಣಗಾದಾಗ ಕಮ್ಮಿ ಆಗಿಬಿಡುತ್ತದೆ. ಕಮ್ಮಿ ಗಾಳಿಯ ಟೈರ್ ಹೆಚ್ಚು ಬಾಗಿ, ಹೆಚ್ಚು ಬಿಸಿಯಾಗಿ ಒಡೆಯುತ್ತದೆ.

ತಿಂಗಳು ಆರಿಸುವ ಅವಕಾಶ ಇದ್ದರೆ ಮೇ ಕೊನೆಗೆ ಹಾಕಿಸಿ. ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ಹಿಡಿತ ಪೂರ್ತಿ ಬರುವುದಿಲ್ಲ. ಧಾರವಾಡಕ್ಕೆ ಒಂದೆರಡು ಸಲ ಆರಾಮಾಗಿ ಹೋಗಿ ಬನ್ನಿ, ಚೋರ್ಲಾ ಆಮೇಲೆ.